ಒಂದು ಮೀಟರ್ ಚೌಕದ ಹುಲ್ಲು

ನಿವೃತ್ತಿಯ ಬಳಿಕ ಕಾಲ ಹೇಗೆ ಕಳೆಯುತ್ತಿದೆ ಎಂದು ವಿಚಾರಿಸುವ ಹಳೆಯ ವಿದ್ಯಾರ್ಥಿಗಳಿಗೆ ‘ಹುಲ್ಲು ಎಣಿಸುತ್ತಿದ್ದೇನೆ’ ಎಂದು ಉತ್ತರಿಸಿದರೆ ನಕ್ಕು ಮಾತು ಬದಲಿಸುತ್ತಾರೆ. ಹಾಸ್ಯಕ್ಕೆ ಹೇಳಿದ ಮಾತಲ್ಲ ಅದು. 2019ರಿಂದ ವರ್ಷಕ್ಕೆ ಎರಡು ಬಾರಿ, ಅಕ್ಟೋಬರಿನಲ್ಲೊಮ್ಮೆ ಮತ್ತು ಮಾರ್ಚಿನಲ್ಲೊಮ್ಮೆ, ಚಿತ್ರದುರ್ಗ ಜಿಲ್ಲೆಯ ಒಂದು ಅಮೃತಮಹಲ್ ಕಾವಲಿನಲ್ಲಿ ಮಂಡಿಯೂರಿ ಕುಳಿತು ನಾನು ಮಾಡುತ್ತಿರುವುದು ಅದನ್ನೇ. ನನ್ನಲ್ಲಿ ಜೀವಶಾಸ್ತ್ರ ಕಲಿತು, ಈಗ ಹುಲ್ಲುಗಾವಲುಗಳ ಸಂಶೋಧನೆಯಲ್ಲಿ ತೊಡಗಿರುವ ಹೆಣ್ಣುಮಗಳೊಬ್ಬಳು ಅನುಮತಿ ಪಡೆದು ನಡೆಸುತ್ತಿರುವ ಕೆಲಸ; ನಾನು ಅವಳ ಗುಮಾಸ್ತ. ಅಂದು ಅವಳ ಉತ್ತರಪತ್ರಿಕೆಯನ್ನು ನಾನು ತಿದ್ದುತ್ತಿದ್ದೆ, ಇಂದು ನನ್ನ ಹಾಳೆಯನ್ನು ಅವಳು ತಿದ್ದುತ್ತಾಳೆ.

ಕಾವಲು ಎಂದರೇನೆಂದು ನಗರದಲ್ಲಿ ಬೆಳೆದ ಮೊಮ್ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಹೆಸರಿಟ್ಟನು. ಆ ದನಗಳ ಮೇವಿಗೆಂದು ಕಾದಿರಿಸಿದ ಬಯಲುಗಳೇ ಕಾವಲುಗಳು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ನೀರು ನೆರಳುಗಳಿರುವುದು ಬೇಸಿಗೆಗೆ ಒಂದು ಎಂದು ಅವುಗಳನ್ನು ವಿಂಗಡಿಸಿದ್ದರು. ಒಂದು ಕಾವಲಿನಲ್ಲಿ ದನಗಳು ಮೇಯುತ್ತಿದ್ದಾಗ ಉಳಿದವು ಚೇತರಿಸಿಕೊಳ್ಳುತ್ತಿದ್ದವು. ಇಂದು ‘ಪುನಶ್ಚೇತನ’ ಎಂಬ ದೊಡ್ಡ ಹೆಸರಿನಲ್ಲಿ ಮಾಡುವ ಕೆಲಸದ ಅರ್ಧಭಾಗವು ಆ ವಿಂಗಡಣೆಯಲ್ಲಿಯೇ ಅಡಗಿತ್ತು.

ಮರವಿಲ್ಲದ ಬಯಲು ಬರಡು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. 2000ದಲ್ಲಿ ಹೊರಬಂದ ರಾಷ್ಟ್ರೀಯ ಬಂಜರುಭೂಮಿ ನಕಾಶೆಯಲ್ಲಿ ಇಂತಹ ಹುಲ್ಲುಗಾವಲುಗಳು ಕೂಡ ಬಂಜರಿನ ಲೆಕ್ಕಕ್ಕೆ ಸೇರಿದ್ದವು. ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ನೆಟ್ಟರು. 1974ರಲ್ಲಿ ಅದು ಕೃಷ್ಣಮೃಗ ಅಭಯಾರಣ್ಯವಾಯಿತು. ಆದರೆ ಬಯಲನ್ನೇ ನಂಬಿದ್ದ ಎರೆಭೂತ ಪಕ್ಷಿ ಅಲ್ಲಿಂದ ಕಣ್ಮರೆಯಾಯಿತು. ಗಿಡ ನೆಡುವುದು ಎಲ್ಲಿಯೂ ಪುಣ್ಯದ ಕೆಲಸವೇ ಎನ್ನುವವರಿಗೆ ನಾನು ಈ ಹಕ್ಕಿಯ ಕಥೆ ಹೇಳುತ್ತೇನೆ.

ಇನ್ನು ನಮ್ಮ ಕೆಲಸ. ಇಪ್ಪತ್ತು ಮೀಟರ್ ಉದ್ದ, ಅಷ್ಟೇ ಅಗಲದ ಹತ್ತು ತುಂಡುಗಳಿಗೆ ಬೇಲಿ ಹಾಕಿದೆ; ಪಕ್ಕದಲ್ಲಿಯೇ ಬೇಲಿಯಿಲ್ಲದ ಹತ್ತು ತುಂಡುಗಳಿವೆ. ಪ್ರತಿ ತುಂಡಿನಲ್ಲಿಯೂ ಗೂಟ ಹೊಡೆದು ಗುರುತಿಟ್ಟ ಸ್ಥಳಗಳಲ್ಲಿ ಒಂದು ಮೀಟರ್ ಚೌಕದ ಕಬ್ಬಿಣದ ಚೌಕಟ್ಟನ್ನು ಇಡಬೇಕು. ಅದರೊಳಗೆ ಯಾವ ಯಾವ ಹುಲ್ಲಿದೆ, ನೂರರಲ್ಲಿ ಎಷ್ಟು ಪಾಲು ನೆಲ ಮುಚ್ಚಿದೆ, ಎಷ್ಟು ಬೋಳಾಗಿದೆ ಎಂದು ಇಬ್ಬರು ಬೇರೆ ಬೇರೆಯಾಗಿ ಅಂದಾಜು ಮಾಡಬೇಕು. ಗೂಟದ ಬಳಿ ನಿಂತು ಅದೇ ದಿಕ್ಕಿಗೆ ಛಾಯಾಚಿತ್ರ ತೆಗೆಯಬೇಕು. ಅಕ್ಟೋಬರಿನಲ್ಲೇ ಏಕೆಂದರೆ ಹುಲ್ಲಿನ ಗುರುತು ಸಿಗುವುದು ತೆನೆಯಿಂದ. ಎಲೆ ಮಾತ್ರ ನೋಡಿ ಹೆಸರು ಹೇಳಹೊರಟರೆ ಪಂಡಿತರೂ ತಡವರಿಸುತ್ತಾರೆ. ಮಾರ್ಚಿನಲ್ಲಿ ನೋಡುವುದು ಉಳಿದ ಕೂಳೆಯನ್ನು, ಸಗಣಿಯನ್ನು, ಬೋಳು ನೆಲವನ್ನು. 2020ರ ಮಾರ್ಚಿನ ಸುತ್ತು ಲಾಕ್‌ಡೌನಿನಿಂದಾಗಿ ತಪ್ಪಿತು. ಆ ಖಾನೆಗಳು ಇಂದಿಗೂ ಖಾಲಿ.

ದಖ್ಖನ್ನಿನ ಹುಲ್ಲುಗಾವಲುಗಳನ್ನು ಸಸ್ಯಶಾಸ್ತ್ರಜ್ಞರು ಸೆಹಿಮಾ–ಡೈಕಾಂತಿಯಂ ವರ್ಗಕ್ಕೆ ಸೇರಿಸುತ್ತಾರೆ. ಇವೆರಡೂ ಬಹುವಾರ್ಷಿಕ, ದನಗಳಿಗೆ ಪ್ರಿಯ. ಮೇವಿನ ಒತ್ತಡ ಹೆಚ್ಚಿದಂತೆ ಇವು ಹಿಂದೆ ಸರಿದು, ಮಳೆಗೆ ಹುಟ್ಟಿ ಬಿಸಿಲಿಗೆ ಒಣಗುವ ಒರಟು ಹುಲ್ಲುಗಳು ಮುಂದೆ ಬರುತ್ತವೆ. ದೂರದಿಂದ ಎರಡೂ ಹಸಿರೇ. ಚೌಕಟ್ಟಿನೊಳಗೆ ಬಗ್ಗಿ ನೋಡಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಬಟ್ಟೆಗೆ ಚುಚ್ಚಿಕೊಳ್ಳುವ ಹೆಟೆರೊಪೋಗನ್ ಬೀಜ ನನಗೆ ಬಲು ಇಷ್ಟ. ಅದರ ಬಾಲದಂತಹ ಎಳೆಗೆ ಒಂದು ಹನಿ ನೀರು ತಾಗಿಸಿದರೆ ಅದು ತಾನಾಗಿ ತಿರುಚಿಕೊಂಡು ಸುತ್ತುತ್ತದೆ. ಹಾಗೆ ತಿರುಗುತ್ತಲೇ ಬೀಜವು ಮಣ್ಣಿಗೆ ಇಳಿಯುತ್ತದೆ. ಮೇಜಿನ ಮೇಲೆ ಅದು ಹರಿದಾಡಿದ್ದನ್ನು ಕಂಡು ಕಿರುಚಿದ ಒಂಬತ್ತನೇ ತರಗತಿಯವರು ಈ ಪುಟ ಓದುತ್ತಿದ್ದರೆ ನೆನಪಿಸಿಕೊಳ್ಳಿ.

ಕಾವಲಿನಲ್ಲಿ ದನ ಮೇಯಿಸುವ ಹಿರಿಯರೊಬ್ಬರು ಮೊದಲ ದಿನದಿಂದಲೂ ನಮ್ಮನ್ನು ಗಮನಿಸುತ್ತಿದ್ದರು. ಒಂದು ದಿನ ಕೋಲೂರಿ ನಿಂತು, “ಮೇಷ್ಟ್ರೇ, ಹುಲ್ಲೆಲ್ಲಾ ಎಣಿಸ್ತೀರಿ, ಸರಿ. ದನ ಮೂಸಿ ಬಿಟ್ಟಿದ್ಯಾವುದು ಅಂತ ಬರ್ಕೊಂಡ್ರಾ?” ಎಂದು ಕೇಳಿದರು. ಹಾಳೆಯಲ್ಲಿ ಅದಕ್ಕೆ ಖಾನೆಯೇ ಇರಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಕ್ಟೋಬರಿನಲ್ಲಿ ನಾವು ಹೋದಾಗ ಬೇಲಿಯ ಹೊರಗೆ ಕೆಂಪು ನೆಲ, ಒಳಗೆ ಮೊಣಕಾಲೆತ್ತರದ ಹುಲ್ಲು. ತಂತಿಗೆ ಮೂತಿ ಒತ್ತಿ ನಿಂತಿದ್ದ ದನಗಳ ಪಕ್ಕೆಲುಬುಗಳನ್ನು ಹುಲ್ಲಿಗಿಂತ ಸುಲಭವಾಗಿ ಎಣಿಸಬಹುದಾಗಿತ್ತು. ಸಂಜೆ ಊರಿನ ಏಳೆಂಟು ಜನ ಬಂದು ಬೇಲಿ ತೆಗೆಯಿರಿ ಎಂದರು.

ನನ್ನ ವಿದ್ಯಾರ್ಥಿನಿಯ ಮುಖ ಬಾಡಿತು. ನಾಲ್ಕು ವರ್ಷಗಳ ದಾಖಲೆ. ಒಮ್ಮೆ ದನ ನುಗ್ಗಿದರೆ ಹೋಲಿಕೆಯೇ ಮುಗಿಯಿತು. “ಹತ್ತೂ ಬೇಲಿ ಸೇರಿದರೆ ಒಂದು ಎಕರೆ, ಸರ್. ಇಷ್ಟು ದನಗಳಿಗೆ ಎರಡು ದಿನವೂ ಸಾಲದು” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಲೆಕ್ಕ ಸರಿಯಾಗಿತ್ತು. ಆದರೆ ಹಸಿದ ದನದ ಒಡೆಯನ ಮುಂದೆ ಇಡುವ ಲೆಕ್ಕವಲ್ಲ ಅದು ಎಂದು ನನಗನ್ನಿಸಿತು. ಹಾಗೆಂದೇ ಅವಳಿಗೆ ಹೇಳಿದೆ. ತುಸು ಹೊತ್ತು ನಮ್ಮಿಬ್ಬರಿಗೆ ಬಿರುಸಿನ ಮಾತೇ ನಡೆಯಿತು.

ದಾರಿ ತೋರಿದವರು ಆ ಹಿರಿಯರೇ. “ಬೇಲಿ ಕಿತ್ತರೆ ಎರಡು ದಿನದ ಜಾತ್ರೆ ಅಷ್ಟೇ. ಈದ ಹಸು ನಾಲ್ಕೈದವೆ. ಬೀಜ ಉದುರಲಿ, ಆಮೇಲೆ ಅರ್ಧ ಬೇಲಿಯೊಳಗೆ ಕುಡುಗೋಲು ಹಾಕಾನ. ಬುಡದಾಗೆ ನಾಲ್ಕು ಬೆರಳು ಬಿಡಾನ. ಬೇರು ಉಳೀತೈತೆ, ಕರುನೂ ಉಳೀತೈತೆ” ಎಂದರು. ಊರವರಲ್ಲಿ ಇಬ್ಬರು ಗೊಣಗಿದರು, ಉಳಿದವರು ಒಪ್ಪಿದರು. ನವೆಂಬರಿನಲ್ಲಿ ಐದು ಬೇಲಿಗಳ ಹುಲ್ಲನ್ನು ಕೊಯ್ದು, ಹೊರೆಹೊರೆಯಾಗಿ ತೂಗಿ, ತೂಕ ಬರೆದುಕೊಂಡು ಕೊಟ್ಟೆವು. ಈದ ಹಸುಗಳಿಗೆ ಹತ್ತು ದಿನಗಳ ಮೇವಾಯಿತು. ಉಳಿದ ಐದು ಬೇಲಿಗಳನ್ನು ಆ ಬೇಸಿಗೆಯಿಡೀ ಯಾರೂ ಮುಟ್ಟಲಿಲ್ಲ. ಕಾಯಲು ನಾವಾರೂ ಅಲ್ಲಿರಲಿಲ್ಲವೆಂಬುದನ್ನು ಗಮನಿಸಬೇಕು.

2024ರಲ್ಲಿ ಒಳ್ಳೆಯ ಮಳೆಯಾಯಿತು. ಅಕ್ಟೋಬರಿನಲ್ಲಿ ಕೊಯ್ದಿದ್ದ ತುಂಡುಗಳಲ್ಲಿ ಬುಡಗಳು ಹೊಸದಾಗಿ ಕವಲೊಡೆದು ದಟ್ಟವಾಗಿದ್ದವು. ಕೊಯ್ಯದ ತುಂಡುಗಳಲ್ಲಿ ಹಳೆಯ ಒಣಹುಲ್ಲು ಬೂದುಬಣ್ಣಕ್ಕೆ ತಿರುಗಿ ಚಾಪೆಯಂತೆ ಬಿದ್ದು, ಚಿಗುರಿಗೆ ಬೆಳಕು ತಾಗದಂತೆ ಮಾಡಿತ್ತು. ಒಂದು ವರ್ಷದ ನೋಟದಿಂದ ಸಿದ್ಧಾಂತ ಮಾಡಬಾರದೆಂದು ಅವಳು ನನ್ನ ಉತ್ಸಾಹಕ್ಕೆ ಕಡಿವಾಣ ಹಾಕಿದಳು. ಆದರೂ ಅಂದಿನಿಂದ ನಮ್ಮ ದಾಖಲೆಯಲ್ಲಿ ಮೂರು ಬಗೆಗಳಾಗಿವೆ: ಮೇದದ್ದು, ಕಾದದ್ದು, ಕಾದು ಕೊಯ್ದದ್ದು.

ಹಾಳೆಗೆ ಹೊಸದೊಂದು ಖಾನೆಯೂ ಸೇರಿದೆ. ಹಿರಿಯರಿಗೆ ಅಕ್ಷರ ಬಾರದು. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಕಳೆದ ಸುತ್ತಿನಲ್ಲಿ ಹದಿನೇಳನೆಯ ತುಂಡಿನ ಎದುರು ಬರೆಸಿದ್ದು ಇಷ್ಟು: “ದನ ತಿಂತೈತೆ. ಆದ್ರೆ ಕುರಿ ಮೊದಲೇ ಬಂದು ಹೋಗೈತೆ.”