ನಮ್ಮ ಜಿಲ್ಲೆಯ ಹುಡುಗಿ

ಆಂಡರ್ಸನ್‌ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಒಂದು ದೊಡ್ಡ ಅನುಕೂಲವುಂಟು. ಅವನು ಯಾವ ಭಾಷೆಯನ್ನೂ ನೆಟ್ಟಗೆ ಕಲಿಯದೆ ನಾಲ್ಕು ಭಾಷೆಗಳಲ್ಲಿ ಜಗಳವಾಡಬಲ್ಲ. ನಮ್ಮ ಮನೆಯೊಳಗೆ ಕನ್ನಡ. ಹೊಸಲು ದಾಟಿದರೆ ತಮಿಳು. ಎದುರು ಸಾಲಿನಲ್ಲಿ ತೆಲುಗು. ತಂದೆಯವರು ಗುಮಾಸ್ತೆಯಾಗಿದ್ದ ಗಣಿಯ ಆಫೀಸಿನಲ್ಲಿ ಇಂಗ್ಲಿಷು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದು ನೆಲ ಅಗೆಯತೊಡಗಿದಂದಿನಿಂದ ಈ ಊರಿನ ಬಾಳೇ ಹಾಗೆ. ಚಿನ್ನ ಒಬ್ಬರದು, ಬೆವರು ಇನ್ನೊಬ್ಬರದು, ಮಾತು ಎಲ್ಲರದು.

ಮಾತಿನ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಬೀದಿಯ ನಲ್ಲಿಯ ಬಳಿ. ಬೇತಮಂಗಲದ ನೀರು ನಮ್ಮಲ್ಲಿಗೆ ಬರುವುದು ಅದರ ಮನಸ್ಸು ಬಂದಾಗ. ಬಿಂದಿಗೆಗಳು ಸಾಲಾಗಿ ನಿಂತಿರುತ್ತಿದ್ದುವು. ಬಿಂದಿಗೆಗಳ ಒಡತಿಯರು ಹೊತ್ತು ಕಳೆಯಲು ಏನಾದರೊಂದು ತರ್ಕ ತೆಗೆಯುತ್ತಿದ್ದರು. 1999ರಲ್ಲಿ ‘ಪಡೆಯಪ್ಪ’ ಬಂತು. ರಜನೀಕಾಂತರ ಚಿತ್ರವೆಂದರೆ ನಮ್ಮೂರಿಗೆ ಅದು ಹಬ್ಬ. ಅದರಲ್ಲಿ ನೀಲಾಂಬರಿಯ ಆರ್ಭಟವೇ ಆರ್ಭಟ. ಆದರೆ ಆ ಮನೆಯಲ್ಲಿ ಕೆಲಸಕ್ಕಿದ್ದುಕೊಂಡು, ತಗ್ಗಿಸಿದ ತಲೆಯನ್ನು ಎತ್ತದೆ ಪಡೆಯಪ್ಪನನ್ನು ಗೆಲ್ಲುವ ವಸುಂಧರೆ ಸೌಂದರ್ಯ. ಪಕ್ಕದ ಮನೆಯಾಕೆ ಅಂದು ನಲ್ಲಿಯ ಬಳಿ, “ನಮ್ಮ ಹುಡುಗಿ ಎಷ್ಟು ಲಕ್ಷಣವಾಗಿದ್ದಾಳೆ” ಎಂದಳಂತೆ, ತಮಿಳಿನಲ್ಲಿ. ಎದುರು ಸಾಲಿನಾಕೆ ತಾಳಿಯಾಳೆ? ‘ಅಮ್ಮೋರು’ 1995ರಲ್ಲೇ ಬಂದಿತ್ತು, ಅದನ್ನು ಆಕೆ ಎಷ್ಟು ಸಾರಿ ನೋಡಿದ್ದಳೋ; “ನಿಮ್ಮ ಹುಡುಗಿ ಯಾವಾಗ ಆದಳು? ಅವಳು ನಮ್ಮವಳು” ಎಂದಳು, ತೆಲುಗಿನಲ್ಲಿ. ನಮ್ಮಮ್ಮ ಬಿಂದಿಗೆಯನ್ನು ಕೆಳಗಿಟ್ಟು, ಇಬ್ಬರಿಗೂ ಅವರವರ ಭಾಷೆಯಲ್ಲಿಯೇ ಉತ್ತರ ಕೊಟ್ಟಳು: “ಸುಮ್ಮನಿರ್ರೇ. ಅವಳು ಮುಳಬಾಗಿಲು ಕಡೆಯವಳು. ನಮ್ಮ ಜಿಲ್ಲೆಯ ಹುಡುಗಿ.”

ಅಮ್ಮ ಮನೆಗೆ ಬಂದದ್ದು ಗೆದ್ದ ಮುಖದಲ್ಲಿ. ಅಂದು ನೀರು ಮಾತ್ರ ಸಿಕ್ಕಿರಲಿಲ್ಲ.

ಅಮ್ಮನ ಮಾತು ನಿಜವಾಗಿತ್ತು. ಸೌಂದರ್ಯಳ ತಂದೆ ಸತ್ಯನಾರಾಯಣ ಅವರು ಚಿತ್ರರಂಗದಲ್ಲಿಯೇ ಇದ್ದವರು, ಬರಹಗಾರರು, ನಿರ್ಮಾಪಕರು. ಮಗಳಿಗೆ ಇಟ್ಟ ಹೆಸರು ಸೌಮ್ಯ. ಆಕೆ ವೈದ್ಯಕೀಯ ಓದಲು ಸೇರಿ, 1992ರ ‘ಗಂಧರ್ವ’ದಿಂದ ಬಣ್ಣ ಹಚ್ಚಿದಳು, ಓದು ನಡುವೆಯೇ ನಿಂತಿತು. ಮಾರನೆಯ ವರ್ಷವೇ ತೆಲುಗಿಗೆ, ತಮಿಳಿಗೆ. ಕನ್ನಡದವರು ನಾವು ಒಬ್ಬಳನ್ನು ಗುರುತಿಸುವಷ್ಟರಲ್ಲಿ ಪಕ್ಕದ ಮನೆಯವರು ಕುಂಕುಮ ಕೊಟ್ಟು ಕರೆದುಕೊಂಡು ಹೋಗಿರುತ್ತಾರೆ; ಇದು ಹಳೆಯ ಸಮಾಚಾರ. ತೆಲುಗು ನಾಡಿನಲ್ಲಿ ಆಕೆಗೆ ಸಿಕ್ಕ ಮನ್ನಣೆ ಚಿಕ್ಕದಲ್ಲ. ಅಲ್ಲಿಯ ಹಿರಿಯರು ಸಾವಿತ್ರಿಯ ಹೆಸರನ್ನೆತ್ತಿ ಹೋಲಿಸಿದರು. ಅವರು ಸಾವಿತ್ರಿಯ ಹೆಸರನ್ನು ಯಾರಿಗೆಂದರೆ ಅವರಿಗೆ ಕೊಡುವವರಲ್ಲ. ಮೈತುಂಬ ಸೀರೆ ಉಟ್ಟು, ಕಣ್ಣಿನಲ್ಲಿ ಅರ್ಧ ಮಾತನ್ನು ಹೇಳಿ, ಉಳಿದರ್ಧವನ್ನು ನೋಡುವವರ ಊಹೆಗೆ ಬಿಡುವುದು ಆಕೆಯ ರೀತಿ. ಹಾಗೆ ಬಿಡುವುದು ಸುಲಭವೆಂದು ತೋರುತ್ತದೆ. ನಾಟಕದಲ್ಲಿ ಒಮ್ಮೆಯಾದರೂ ರಂಗದ ಮೇಲೆ ನಿಂತು, ಕೈಗಳನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಒದ್ದಾಡಿದವರಿಗೆ ಅದರ ಕಷ್ಟ ಗೊತ್ತು.

ನನಗೆ ಗೊತ್ತು ಎಂದರೆ ಸುಳ್ಳಾದೀತು. ಗೊತ್ತಿದ್ದುದು ನನ್ನ ತಂಗಿಗೆ.

ಈ ಪ್ರಬಂಧವನ್ನು ಸೌಂದರ್ಯಳ ಮೇಲೆ ಬರೆಯಲು ಕುಳಿತವನು ತಂಗಿಯನ್ನು ಎಳೆದು ತರುತ್ತಿರುವುದಕ್ಕೆ ಓದುಗರು ಮನ್ನಿಸಬೇಕು. ಅವಳನ್ನು ಬಿಟ್ಟು ಇವಳನ್ನು ನೆನೆಯುವುದು ನನ್ನಿಂದ ಇಂದಿಗೂ ಆಗಿಲ್ಲ. ಅವಳು ಶಾಲೆಯಲ್ಲಿ, ಆಮೇಲೆ ಊರಿನ ಹಬ್ಬದ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದಳು. ಒಂದು ಸಲ ನಾಟಕದ ನಡುವೆಯೇ ಗಣಿಯೊಳಗೆ ಬಂಡೆ ಸಿಡಿದು ನೆಲ ನಡುಗಿತು. ನಮ್ಮೂರಿಗೆ ಅದು ಹೊಸದಲ್ಲ. ಅಡುಗೆಮನೆಯ ಪಾತ್ರೆಗಳು ಬಿದ್ದರೆ ಎತ್ತಿಡುವುದು, ಅಷ್ಟೆ. ಆದರೂ ಗಂಡ ಯಾರ ಪಾಳಿಯಲ್ಲಿದ್ದಾನೆ, ಮಗ ಯಾರ ಪಾಳಿಯಲ್ಲಿದ್ದಾನೆ ಎಂದು ಹೆಂಗಸರು ಎದ್ದು ನಿಂತರು. ರಂಗದ ಮೇಲಿದ್ದ ಇವಳು ಮಾತು ನಿಲ್ಲಿಸಿದಳು. ಪಾತ್ರ ಬಿಟ್ಟು ಹೊರಗೆ ಬರಲಿಲ್ಲ; ಅದೇ ಪಾತ್ರದ ಹೆಂಗಸಾಗಿ ಅವರೆಲ್ಲರ ಜೊತೆ ಕಿವಿಗೊಟ್ಟು ಕಾದಳು. ಅಪಾಯವೇನಿಲ್ಲವೆಂದು ಸುದ್ದಿ ಬಂದ ಮೇಲೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಎತ್ತಿಕೊಂಡಳು. ಜನ ಅಳುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ನಾಚಿಕೊಂಡು ಕುಳಿತಿದ್ದೆ. ಏಕೆ ನಾಚಿಕೆಯೆಂದು ಕೇಳಿದರೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

1986ರಲ್ಲಿ ಅವಳಿಗೆ ಹತ್ತೊಂಬತ್ತು ವರ್ಷ. ಬೆಂಗಳೂರಿನಲ್ಲಿ ದೂರದರ್ಶನಕ್ಕಾಗಿ ಧಾರಾವಾಹಿ ತೆಗೆಯುತ್ತಿದ್ದವರೊಬ್ಬರು ಅವಳ ನಾಟಕ ನೋಡಿದ್ದವರಿಂದ ಕೇಳಿ, ಒಂದು ಸಣ್ಣ ಪಾತ್ರವಿದೆ, ಮನೆಯವರ ಒಪ್ಪಿಗೆಯಿದ್ದರೆ ಜೊತೆಗೆ ಯಾರಾದರೂ ಕರೆದುಕೊಂಡು ಬನ್ನಿ ಎಂದು ಬರೆದರು. ಕಾಗದದಲ್ಲಿ ಮರ್ಯಾದೆಯ ಹೊರತು ಬೇರೇನೂ ಇರಲಿಲ್ಲ. ತಂದೆಯವರು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟು, “ಬೆಂಗಳೂರಿಗೆ ದಿನಾ ಹೋಗುವವನು ನೀನು. ನಿನಗೆ ಹೇಗೆ ತೋರುತ್ತೋ ಹಾಗೆ ಮಾಡು” ಎಂದುಬಿಟ್ಟರು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಕತ್ತಲಿರುವಾಗಲೇ ಹತ್ತಿ, ಕತ್ತಲಾದ ಮೇಲೆ ಇಳಿಯುವ ಸೀಸನ್ ಟಿಕೆಟ್ಟಿನ ಪ್ರಾಣಿ. ಆ ಗಾಡಿಯಲ್ಲಿ ಇಸ್ಪೀಟಾಡುವ ಹಿರಿಯರು ನಟಿಯರ ವಿಷಯವಾಗಿ ಆಡುತ್ತಿದ್ದ ಮಾತುಗಳೆಲ್ಲ ನನಗೆ ಬಾಯಿಪಾಠ. ನಾಳೆ ಅವರು ನನ್ನೆದುರು ಎಲೆ ಹಾಕುತ್ತ ಇವಳ ಹೆಸರೆತ್ತಿದರೆ? ನನ್ನ ಯೋಚನೆ ಇದ್ದುದೇ ಇಷ್ಟು. ತಂಗಿಯ ಕ್ಷೇಮ, ಮನೆತನದ ಮಾನ ಎಂದೆಲ್ಲ ಆಮೇಲೆ ಹೆಸರು ಕೊಟ್ಟುಕೊಂಡೆ.

ಒಂದು ಇನ್‌ಲ್ಯಾಂಡ್ ಕಾಗದದಲ್ಲಿ ಉತ್ತರ ಬರೆದೆ: ಹುಡುಗಿಗೆ ಮದುವೆ ನಿಶ್ಚಯವಾಗಿದೆ, ಕ್ಷಮಿಸಬೇಕು. ಯಾವ ಮದುವೆಯೂ ನಿಶ್ಚಯವಾಗಿರಲಿಲ್ಲ. ಮಡಿಸಿ ಅವಳ ಕೈಗೇ ಕೊಟ್ಟು, “ಡಬ್ಬಿಗೆ ಹಾಕಿ ಬಾ” ಎಂದೆ. ಏನು ಬರೆದೆಯೆಂದು ಅವಳು ಕೇಳಲಿಲ್ಲ. ಹಾಕಿ ಬಂದಳು. ಎರಡು ವರ್ಷದ ಮೇಲೆ ಬಂಗಾರಪೇಟೆಗೆ ಮದುವೆಯಾಗಿ ಹೋದಳು. ಭಾವ ಒಳ್ಳೆಯವರು. ಬಣ್ಣದ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ಸೌಂದರ್ಯ ಒಂದೊಂದೇ ಮೆಟ್ಟಿಲು ಏರುತ್ತಿದ್ದಾಗ ನನಗೆ ಸಂತೋಷವೇ ಆಗಬೇಕಷ್ಟೆ? ನಮ್ಮ ಜಿಲ್ಲೆಯ ಹುಡುಗಿ. ಆದರೆ ತಂಗಿಯ ಪಕ್ಕದಲ್ಲಿ ಕುಳಿತು ಆಕೆಯ ಚಿತ್ರ ನೋಡುವುದೆಂದರೆ ನನಗೆ ಮುಳ್ಳಿನ ಮೇಲೆ ಕುಳಿತಂತೆ. ಅಮಿತಾಭ್ ಬಚ್ಚನ್ನರ ಜೊತೆ ಆಕೆ ಮಾಡಿದ ಹಿಂದಿಯ ‘ಸೂರ್ಯವಂಶಂ’ 1999ರದು. ಅದನ್ನು ಟೆಲಿವಿಷನ್ನಿನವರು ಪಂಚಾಂಗ ಓದಿದಂತೆ ಮತ್ತೆ ಮತ್ತೆ ಹಾಕುತ್ತಾರೆ. ಅದರಲ್ಲಿ ಓದಿಲ್ಲದ ಗಂಡ ಹೆಂಡತಿಯನ್ನು ಓದಿಸಿ ಕಲೆಕ್ಟರಳನ್ನಾಗಿ ಮಾಡುತ್ತಾನೆ. ದನಿ ಆಕೆಯದಲ್ಲ, ರೇಖಾ ಅವರದು. ಮುಖ ಮಾತ್ರ ಆಕೆಯದು. ಆ ಭಾಗ ಬಂದಾಗಲೆಲ್ಲ ನಾನು ಕಾಫಿ ಕೇಳುತ್ತಿದ್ದೆ. ತಂಗಿ ನಕ್ಕು ಎದ್ದು ಹೋಗುತ್ತಿದ್ದಳು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಸುರಂಗಗಳು ಮೆಲ್ಲಗೆ ನೀರು ತುಂಬಿಕೊಂಡುವು. ಮೇಲೆ ಉಳಿದದ್ದು ಸೈನೈಡ್ ದಿಬ್ಬಗಳು, ಗಾಳಿ ಬೀಸಿದರೆ ಒಗೆದ ಬಟ್ಟೆಯ ಮೇಲೆ ಕೂರುವ ಬೂದು ಪುಡಿ. ಪಾಳಿಯ ಕೂಗು ನಿಂತ ಮೇಲೆ ತಂದೆಯವರಿಗೆ ಹೊತ್ತು ತಿಳಿಯುವುದೇ ಕಷ್ಟವಾಯಿತು. ನೆರೆಹೊರೆಯವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ನಲ್ಲಿಯ ಬಳಿ ತರ್ಕಕ್ಕೆ ಜನ ಸಾಲದೆ ಹೋಯಿತು.

‘ದ್ವೀಪ’ವನ್ನು ನಾವು ನೋಡಿದ್ದು ಅಂಥ ದಿನಗಳಲ್ಲಿ. ಗಿರೀಶ ಕಾಸರವಳ್ಳಿಯವರು ನಾ. ಡಿಸೋಜರ ಕಥೆಯಿಂದ ತೆಗೆದ ಚಿತ್ರ. ಅಣೆಕಟ್ಟಿನ ನೀರು ಏರುತ್ತಿದೆ. ಊರೆಲ್ಲ ಪರಿಹಾರ ಪಡೆದು ಹೊರಟಿದೆ. ಸೀತಾಪರ್ವತವೆಂಬ ಗುಡ್ಡದಲ್ಲಿ ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿದಿದ್ದಾರೆ. ನಾಗಿ ಸೌಂದರ್ಯ. ಹಣ ಹಾಕಿದವಳೂ ಆಕೆಯೇ. ಇದು ನನಗೆ ಇಂದಿಗೂ ಬೆರಗು. ನಾಲ್ಕು ಭಾಷೆಗಳಲ್ಲಿ ಮೊದಲ ಸಾಲಿನ ನಟಿ, ಒಂದು ಹಾಡಿಗೆ ಹತ್ತು ಸೀರೆ ಬದಲಿಸುವ ಕಡೆ ಸಂಪಾದಿಸಿದ್ದನ್ನು ತಂದು, ಒಂದೇ ಒದ್ದೆ ಸೀರೆಯಲ್ಲಿ ಮಳೆಯಲ್ಲಿ ನಿಲ್ಲಲು ಸುರಿದಳು. 2001ನೆಯ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರದ ಸ್ವರ್ಣಕಮಲ ಅದಕ್ಕೆ ಬಂತು. ನಮ್ಮ ಗಣಿಯಿಂದ ಚಿನ್ನ ನಿಂತ ವರ್ಷಕ್ಕೆ ನಮ್ಮ ಜಿಲ್ಲೆಯ ಹುಡುಗಿ ಚಿನ್ನದ ಕಮಲ ತಂದಳೆಂದು ಅಮ್ಮ ಲೆಕ್ಕ ಹೊಂದಿಸಿದಳು.

ನಮ್ಮೂರವರಿಗೆ ಆ ಚಿತ್ರ ಬೇರೆ ರೀತಿಯಲ್ಲಿ ತಾಕುತ್ತದೆ. 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲು, ಶಿವನಸಮುದ್ರದಿಂದ ತೊಂಬತ್ತೆರಡು ಮೈಲಿ ತಂತಿ ಎಳೆದು ನಮ್ಮ ಗಣಿಗೆ ವಿದ್ಯುತ್ತು ತಂದರು. ಆ ಹೆಮ್ಮೆಯಲ್ಲೇ ಬೆಳೆದವರು ನಾವು. ವಿದ್ಯುತ್ತಿಗಾಗಿ ಎಲ್ಲೋ ಯಾರದೋ ಮನೆ ಮುಳುಗುತ್ತದೆಂಬುದು ಮಲೆನಾಡಿನವರು ಹೇಳುವವರೆಗೆ ನಮ್ಮ ಮನಸ್ಸಿಗೆ ಬಂದಿರಲಿಲ್ಲ. ಈಗ ನಮ್ಮದೂ ಮುಳುಗಿತ್ತು. ತಂದೆಯವರು ದುಗ್ಗಜ್ಜನನ್ನು ನೋಡುತ್ತ ಕೊನೆಯವರೆಗೂ ಒಂದು ಮಾತಾಡಲಿಲ್ಲ.

ಚಿತ್ರದ ಕೊನೆಯಲ್ಲಿ ಮನೆಯನ್ನು ಉಳಿಸಿದವಳು ನಾಗಿ. ಇರುಳೆಲ್ಲ ಎಚ್ಚರವಿದ್ದು, ಹೆದರಿಕೆಯನ್ನು ನುಂಗಿ ನಿಂತವಳು ಅವಳು. ಬೆಳಗಾದಾಗ ಗಂಡ, ದೇವರು ಕಾಪಾಡಿದ ಎನ್ನುತ್ತಾನೆ. ಆಗ ಸೌಂದರ್ಯ ಅಳುವುದಿಲ್ಲ, ಕೂಗುವುದಿಲ್ಲ. ಮುಖದಲ್ಲಿ ಹತ್ತಿದ್ದ ಒಂದು ದೀಪ ಸಣ್ಣಗಾಗುತ್ತದೆ. ನಾನು ಪಕ್ಕಕ್ಕೆ ತಿರುಗಿದೆ. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಳುತ್ತಿರಲಿಲ್ಲ; ಕಲಿಯುವವರು ನೋಡುವಂತೆ ನೋಡುತ್ತಿದ್ದಳು.

2004ರ ಏಪ್ರಿಲ್ 17, ಶನಿವಾರ. ಚುನಾವಣೆಯ ಕಾಲ. ಕರೀಂನಗರದ ಕಡೆ ಪ್ರಚಾರಕ್ಕೆಂದು ಸೌಂದರ್ಯ ಅಣ್ಣ ಅಮರನಾಥರೊಡನೆ ಜಕ್ಕೂರಿನಿಂದ ಸಣ್ಣ ವಿಮಾನವೇರಿದಳು. ಮೇಲೆದ್ದ ಕೆಲವೇ ನಿಮಿಷಗಳಲ್ಲಿ ಅದು ಬಿದ್ದು ಉರಿಯಿತು. ಒಳಗಿದ್ದ ನಾಲ್ವರಲ್ಲಿ ಯಾರೂ ಉಳಿಯಲಿಲ್ಲ. ಮದುವೆಯಾಗಿ ಒಂದು ವರ್ಷ. ನಮ್ಮ ಬೀದಿಯಲ್ಲಿ ಮೂರು ಭಾಷೆಗಳಲ್ಲಿಯೂ ಅಂದು ಒಲೆ ಹತ್ತಿಸಲು ತಡವಾಯಿತು. ಸಂಜೆಯ ಗಾಡಿಗೆ ತಂಗಿ ಬಂಗಾರಪೇಟೆಯಿಂದ ಬಂದಳು, ಯಾರೋ ನಂಟರು ಹೋದಂತೆ. ಅಮ್ಮನ ಪಕ್ಕದಲ್ಲಿ ಕುಳಿತಳು. ಇಸ್ಪೀಟಿನ ಹಿರಿಯರಲ್ಲಿ ಉಳಿದಿದ್ದ ಒಬ್ಬರು ನನ್ನನ್ನು ಕಂಡು, “ನೋಡಿದಿರಾ, ಅದಕ್ಕೇ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಚೆನ್ನ” ಎಂದರು. ಹದಿನೆಂಟು ವರ್ಷದ ಹಿಂದೆ ನಾನು ಇದೇ ಮಾತಿಗೆ ಹೆದರಿದ್ದೆ. ಇವರಿಗಾಗಿಯೇ ಬರೆದೆನಲ್ಲ ಆ ಕಾಗದ ಎಂದು ಮೈ ಉರಿಯಿತು. ಅವರಿಗೆ ಏನೂ ಹೇಳಲಿಲ್ಲವೆಂಬುದನ್ನೂ ಇಲ್ಲೇ ಬರೆದುಬಿಡಬೇಕು.

ಅದೇ ಆಗಸ್ಟಿನಲ್ಲಿ ‘ಆಪ್ತಮಿತ್ರ’ ತೆರೆಗೆ ಬಂತು. ವಿಷ್ಣುವರ್ಧನರ ಚಿತ್ರವೆಂದು ಹೋದವರು ನಾಗವಲ್ಲಿಯನ್ನು ಕಂಡು ಬಂದರು. ಅಷ್ಟು ವರ್ಷ ಅರ್ಧ ಮಾತನ್ನು ಕಣ್ಣಿನಲ್ಲಿಟ್ಟುಕೊಂಡವಳು ಇಲ್ಲಿ ಎಲ್ಲವನ್ನೂ ಹೊರಗೆ ಚೆಲ್ಲಿದಳು. ಕನ್ನಡ ಚಿತ್ರದಲ್ಲಿ ಆ ನಾಗವಲ್ಲಿ ಆಡುವುದು ತೆಲುಗು! ನಲ್ಲಿಯ ಬಳಿ ಆ ತರ್ಕವನ್ನು ಮುಂದುವರಿಸಲು ಎದುರು ಸಾಲಿನಾಕೆ ಆಗ ಊರಿನಲ್ಲಿರಲಿಲ್ಲ.

ಮೊನ್ನೆ ಬೇಸಗೆಯಲ್ಲಿ ಬಂಗಾರಪೇಟೆಗೆ ಹೋಗಿದ್ದೆ. ತಂಗಿಗೂ ಈಗ ತಲೆ ನೆರೆತಿದೆ. ಟೆಲಿವಿಷನ್ನಿನಲ್ಲಿ ‘ಆಪ್ತಮಿತ್ರ’, ಅವಳ ಮೊಮ್ಮಗಳು ನಾಗವಲ್ಲಿಯಂತೆ ಕಣ್ಣರಳಿಸಿ ಕುಣಿಯುತ್ತಿತ್ತು. ತಂಗಿ ಕುಳಿತಲ್ಲಿಂದಲೇ ಮಗುವಿಗೆ, “ಕಣ್ಣು ಅಷ್ಟು ದೊಡ್ಡದು ಬೇಡ ಕಣೇ, ಮೊದಲು ಕತ್ತು” ಎಂದು, ಒಂದು ಕ್ಷಣ ಕತ್ತು ತಿರುಗಿಸಿ ತೋರಿಸಿದಳು. ಮಗು ಹೆದರಿ ಹಿಂದೆ ಸರಿಯಿತು. ನಾನೂ.

ಮಗು ಮಲಗಿದ ಮೇಲೆ ನಾನು ಹೇಳಿದೆ, ಮೂವತ್ತೆಂಟು ಮೂವತ್ತೊಂಬತ್ತು ವರ್ಷ ಗಂಟಲಲ್ಲಿದ್ದುದನ್ನು: “ಆ ಕಾಗದದಲ್ಲಿ ಸುಳ್ಳು ಬರೆದಿದ್ದೆ ಕಣಮ್ಮಾ.”

“ಗೊತ್ತು ಅಣ್ಣ,” ಎಂದಳು. “ನೀನು ಅಂಟಿಸಿರಲಿಲ್ಲ. ದಾರಿಯಲ್ಲಿ ಓದಿದೆ. ‘ನಿಶ್ಚಯ’ಕ್ಕೆ ಷಟ್ಕೋನದ ‘ಷ’ ಬರೆದಿದ್ದೆ. ಪೋಸ್ಟಾಫೀಸಿನ ಪೆನ್ನಿನಲ್ಲಿ ತಿದ್ದಿ, ಅಂಟಿಸಿ ಹಾಕಿದೆ. ಬೆಂಗಳೂರಿನವರು ಓದಿ ನಗಬಾರದಲ್ಲ.”

ಎದ್ದು ನನ್ನ ಲೋಟ ತೆಗೆದುಕೊಂಡು, ಇನ್ನೊಂದು ತೊಟ್ಟು ಕಾಫಿ ಬೇಕೇ ಎಂದು ಕೇಳಿದಳು.