ಹಾಸಿಗೆಯ ಬಳಿಯ ಕನ್ನಡ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಮ್ಮ ಮನೆಗಳಲ್ಲಿ ಅಂಗಡಿ, ಕಚೇರಿಗಳಿಗೆ ತೆಲುಗು, ಅಡುಗೆಮನೆಗೆ ಕನ್ನಡ ಎಂಬ ಹಂಚಿಕೆ ಹಿಂದಿನಿಂದ ನಡೆದುಬಂದಿದೆ. ಜ್ವರ ನೆತ್ತಿಗೇರಿದಾಗ ವೃದ್ಧರ ನಾಲಿಗೆಯಲ್ಲಿ ಉಳಿಯುವುದು ಬಹುಮಟ್ಟಿಗೆ ಅಡುಗೆಮನೆಯ ಭಾಷೆಯೇ.

ಆಸ್ಪತ್ರೆಯಲ್ಲಿರುವ ರೋಗಿಯ ಸ್ಥಿತಿ ಕೆಡುವ ಮುನ್ನ, ಅನೇಕ ವೇಳೆ ಕೆಲವು ಗಂಟೆಗಳ ಮೊದಲೇ, ಉಸಿರು, ನಾಡಿ, ರಕ್ತದೊತ್ತಡಗಳು ಸೂಚನೆ ಕೊಡುತ್ತವೆ. ಇವುಗಳಿಗೆ ಅಂಕವಿತ್ತು ಕೂಡಿಸುವ ಪಟ್ಟಿಯೊಂದನ್ನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2012ರಲ್ಲಿ ಹೊರತಂದಿತು. ಅಂಕ ಹೆಚ್ಚಿದಷ್ಟೂ ಅಪಾಯ. ನಾವು ಶಾಲೆಯಲ್ಲಿ ಕೊಟ್ಟ ಅಂಕಗಳಿಗೆ ತದ್ವಿರುದ್ಧ! 2017ರ ಪರಿಷ್ಕರಣೆಯಲ್ಲಿ, ಹೊಸದಾಗಿ ತೋರುವ ಮನಸ್ಸಿನ ಗಲಿಬಿಲಿಗೂ 3 ಅಂಕ ಸೇರಿತು. ಒಂದು ಅಂಶಕ್ಕೆ ಅದೇ ಗರಿಷ್ಠ. ಆದರೆ ಗಲಿಬಿಲಿಯನ್ನು ಗುರುತಿಸಲು ರೋಗಿಯ ಮಾತು ತಿಳಿಯಬೇಕಲ್ಲವೇ?

ನಮ್ಮ ಹಿರಿಯಣ್ಣನವರು ಮೂತ್ರದ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದ ಎರಡನೆಯ ರಾತ್ರಿ ಒಂದೇ ಸಮನೆ ಮಾತನಾಡತೊಡಗಿದರು. ಕನ್ನಡವರಿಯದ ದಾದಿ, ಅಜ್ಜ ನಮ್ಮೊಡನೆ ಹರಟುತ್ತಿದ್ದಾರೆಂದೇ ಬಗೆದಿದ್ದರು. “ಇದು ಹರಟೆಯಲ್ಲಮ್ಮಾ. ನಿನ್ನೆ ನೆಟ್ಟಗಿದ್ದರು, ಈಗ ತೀರಿಹೋದ ತಂದೆಯವರನ್ನು ಎತ್ತು ಕಟ್ಟಲು ಕರೆಯುತ್ತಿದ್ದಾರೆ” ಎಂದು ನಾವು ತೆಲುಗಿನಲ್ಲಿ ಹೇಳಿದೆವು. ಆಕೆ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರೆಣಿಸಿದರು: 28. ಅದು 12ರಿಂದ 20ರೊಳಗೆ ಇರಬೇಕಾದುದು. ಕೂಡಲೇ ವೈದ್ಯರನ್ನು ಕರೆದರು. ಸೋಂಕು ರಕ್ತಕ್ಕೆ ಸೇರಿತ್ತು. ಆಮ್ಲಜನಕ, ಸಲೈನು, ಬೇರೆ ಆಂಟಿಬಯೋಟಿಕ್ ರಾತ್ರಿಯೆಲ್ಲ ನಡೆದವು.

ಮೂರು ದಿನಗಳ ಮೇಲೆ ಅಣ್ಣನವರು ದಾದಿಯನ್ನು ತೆಲುಗಿನಲ್ಲಿ ಚಹಾ ಕೇಳಿದರು. ಸಕ್ಕರೆ ಸಾಲದೆಂದು ನಮ್ಮೊಡನೆ ಕನ್ನಡದಲ್ಲಿ ಗೊಣಗಿದರು.