ದಾಜೀಪುರದ ಕಾಡು, ನಮ್ಮ ಮನೆಯ ಒಲೆ



ತೆಲಸಂಗದ ಬಿಸಿಲು, ಬಯಲು ಕಂಡ ಕಣ್ಣಿಗೆ ಗುಡ್ಡಗಾಡು ಎಂದರೆ ಹಬ್ಬವೇ ಸರಿ. ಕಳೆದ ಚಳಿಗಾಲದಲ್ಲಿ ರೊಟ್ಟಿಬುತ್ತಿ ಕಟ್ಟಿಕೊಂಡು, ಚಿಕ್ಕೋಡಿ, ನಿಪ್ಪಾಣಿ ಹಾದು ಕೊಲ್ಲಾಪುರ ಜಿಲ್ಲೆಯ ದಾಜೀಪುರಕ್ಕೆ ಹೋಗಿದ್ದೆವು.

ಒಂದು ಕಾಲಕ್ಕೆ ಇದು ಕೊಲ್ಲಾಪುರದ ಮಹಾರಾಜರ ಬೇಟೆಯ ಕಾಡು. 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಯಿತು. ಈಗ ರಾಧಾನಗರಿ ಅಭಯಾರಣ್ಯದೊಳಗೆ ಸೇರಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಸ್ವಲ್ಪ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಅಭಯಾರಣ್ಯದಲ್ಲಿ ಬೇಟೆಯಾಡಿದರೆ ಕಡಿಮೆಯೆಂದರೂ 3 ವರ್ಷ ಜೈಲು.

ನೋಡಲು ಹೋದವರಿಗೂ ನಿಯಮಗಳುಂಟು. ಜೀಪಿನಿಂದ ಇಳಿಯಬಾರದು, ಗದ್ದಲ ಮಾಡಬಾರದು, ಮಂಗಗಳಿಗೆ ತಿನ್ನಲು ಹಾಕಬಾರದು, ಬೆಂಕಿ ಹಚ್ಚಬಾರದು. ಇಷ್ಟು ಕೇಳಿಯೂ, ಅಲ್ಲಿಯವರು 'ಗವಾ' ಎನ್ನುವ ಕಾಡುಕೋಣ ಕಂಡಕೂಡಲೇ ನನ್ನ ಮಗ ಫೋಟೋ ತೆಗೆಯಲು ಕಾಲು ಕೆಳಗಿಟ್ಟೇಬಿಟ್ಟ! ಕರುವಿನ ಜೊತೆಗಿದ್ದ ತಾಯಿ ತಲೆ ತಗ್ಗಿಸಿ ಬುಸುಗುಟ್ಟಿತು. ಅಂಗಿ ಹಿಡಿದು ಒಳಗೆಳೆದುಕೊಂಡೆ. ನೆನೆದರೆ ಈಗಲೂ ಎದೆ ಡವಡವ.

ಊರಿಗೆ ಬಂದ ವಾರಕ್ಕೇ ಮೈದುನ ಹೊಲದಲ್ಲಿ ಬಲೆ ಹಾಕಿ ಹಿಡಿದ ಮೊಲ ತಂದ, ಚೀಲದೊಳಗೆ ಇನ್ನೂ ಒದ್ದಾಡುತ್ತಿತ್ತು. "ವೈನಿ, ಖಾರ ಹಚ್ಚಿ ಮಾಡ್ರಿ" ಎಂದ. "ನನ್ನ ಒಲಿ ಮ್ಯಾಲ ಏರ್ಸಂಗಿಲ್ಲಪಾ" ಎಂದೆ. ಹೊಲದ ಮೊಲಕ್ಕೂ ನವಿಲಿಗೂ ಅದೇ ಕಾಯ್ದೆ. ಕೊಂದವರಷ್ಟೇ ಅಲ್ಲ, ಮಾಂಸ ಮನೆಯಲ್ಲಿಟ್ಟುಕೊಂಡವರೂ ತಪ್ಪಿತಸ್ಥರೇ. ಮುಖ ಊದಿಸಿಕೊಂಡೇ ಹೋಗಿ ಹೊಲಕ್ಕೆ ಬಿಟ್ಟುಬಂದ. ಅಂದು ರಾತ್ರಿ ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದೆ. ಎರಡು ರೊಟ್ಟಿ ಹೆಚ್ಚೇ ಉಂಡ.

ನಿಮ್ಮ ಮನೆಗೂ ಯಾರಾದರೂ ತಂದರೆ ಸುಮ್ಮನಿರಬ್ಯಾಡ್ರಿ. ಒಲೆ ನಮ್ಮ ಕೈಯಲ್ಲಿದೆಯಲ್ಲವೇ?